ದೂರಿತ್ತವಳ ಪಾಡು

2017ನೆಯ ಇಸವಿಯ ಜುಲೈಯಲ್ಲಿ ಕಾರಾಗೃಹ ಇಲಾಖೆಯ ಡಿ.ಐ.ಜಿ. ಡಿ. ರೂಪಾ ಅವರು ಪರಪ್ಪನ ಅಗ್ರಹಾರದ ಸೆರೆಮನೆಯ ಅಕ್ರಮಗಳನ್ನು ವರದಿಮಾಡಿದರು. ಕೆಲವೇ ದಿನಗಳಲ್ಲಿ ಆಪಾದಿತ ಮೇಲಧಿಕಾರಿಯೊಡನೆ ಅವರನ್ನೂ ಆ ಇಲಾಖೆಯಿಂದ ಕದಲಿಸಲಾಯಿತು. ದೂರಿಗೆ ಗುರಿಯಾದವರಿಗೂ ದೂರಿತ್ತವರಿಗೂ ಒಂದೇ ಫಲ!

ಆದರೂ ಅವರಿಗೆ ಪದವಿಯಿತ್ತು, ಸಂಬಳವಿತ್ತು. ಪಾರಿಶ್ವಾಡದಂತಹ ಹಳ್ಳಿಯಲ್ಲಿ ದಿನಗೂಲಿಯ ಹೆಣ್ಣುಮಗಳು ಒಡೆಯನ ದುರ್ನಡತೆಯನ್ನು ಬಾಯಿಬಿಟ್ಟು ಹೇಳಿದರೆ ಮರುದಿನವೇ ಕೂಲಿ ತಪ್ಪೀತು. ಊರವರು ಅವನದನ್ನು ಬಿಟ್ಟು ಅವಳ ನಡತೆಯನ್ನೇ ವಿಚಾರಿಸಿಯಾರು.

ಒಡೆಯನೇ ಆಪಾದಿತನಾದಲ್ಲಿ ಲೈಂಗಿಕ ಕಿರುಕುಳದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಯು ವಿಚಾರಿಸಬೇಕೆಂದು 2013ರ ಕಾಯಿದೆ ವಿಧಿಸಿದೆ. ಬೆಳಗಾವಿ ದೂರವೆಂದು ಅವಳು ಅಂಜಬೇಕಾಗಿಲ್ಲ. ದೂರನ್ನು ಸ್ವೀಕರಿಸಿ ಏಳು ದಿನಗಳೊಳಗೆ ಸಮಿತಿಗೆ ಕಳುಹಲು ತಾಲೂಕಿಗೊಬ್ಬ ಅಧಿಕಾರಿ ಇರಬೇಕೆಂದೂ ಅದರಲ್ಲಿದೆ. ಆ ಅಧಿಕಾರಿಯ ಹೆಸರು ಪಂಚಾಯತಿಯ ಗೋಡೆಯ ಮೇಲೆ ಕಾಣದಿದ್ದರೆ, ಕಾಯಿದೆಯು ಖಾನಾಪುರದವರೆಗೆ ಬಂದೂ ಪಾರಿಶ್ವಾಡವನ್ನು ಮುಟ್ಟಲಿಲ್ಲವೆಂದೇ ತಿಳಿಯಬೇಕು.