ತೊಂಬತ್ತು ನಿಮಿಷದ ತೀರ್ಪು

ಬೀಟಲ್ಸ್ ದೊಡ್ಡವರೋ, ಪಿಂಕ್ ಫ್ಲಾಯ್ಡ್ ದೊಡ್ಡವರೋ ಎಂದು ಬೆಂಗಳೂರಿನ ಹಾಸ್ಟೆಲ್ಲುಗಳಲ್ಲಿ ನಡೆದಷ್ಟು ಜಗಳ ಲಿವರ್‌ಪೂಲಿನಲ್ಲೂ ನಡೆದಿರಲಾರದು. ಅಲ್ಲಿಯವರಿಗೆ ಅದು ಊರ ವಿಷಯ. ನಮಗೆ ಮರ್ಯಾದೆಯ ಪ್ರಶ್ನೆ. ನಮ್ಮ ರೂಮಿನಲ್ಲಿ ಶಿವಮೊಗ್ಗದವನು ಬೀಟಲ್ಸ್ ಪಕ್ಷ, ಹಾಸನದವನು ರೋಲಿಂಗ್ ಸ್ಟೋನ್ಸ್, ನಾನು ಪಿಂಕ್ ಫ್ಲಾಯ್ಡ್. ನಾಲ್ಕನೆಯವನು ಮೃದಂಗ ಕಲಿಯುತ್ತಿದ್ದ, ಹಾಗಾಗಿ ನಮ್ಮೆಲ್ಲರ ಮೇಲೂ ಅವನಿಗೆ ಸಮನಾದ ತಿರಸ್ಕಾರ.

ಜಗಳಕ್ಕೊಂದು ಕಟ್ಟಳೆಯಿತ್ತು. ಬಿಡಿ ಹಾಡು ಲೆಕ್ಕಕ್ಕಿಲ್ಲ. "ಒಂದೆರಡು ಹಾಡು ಯಾವನು ಬೇಕಾದ್ರೂ ಮಾಡ್ತಾನೆ ಕಣೋ, ಆಲ್ಬಮ್ ತೋರ್ಸು" ಎಂದರೆ ಎದುರಾಳಿ ಅರ್ಧ ಸೋತ ಹಾಗೆ. ಹಾಗೆ ನೋಡಿದರೆ ಆಲ್ಬಮ್ಮಿಗೆ ಈ ಗೌರವ ಸಿಕ್ಕಿದ್ದೇ ತಡವಾಗಿ. ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ಹೊರತಂದದ್ದು 1948ರಲ್ಲಿ. ನಿಮಿಷಕ್ಕೆ 33⅓ ಸುತ್ತು, ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಚೀಚೆ. ಪಾಪ್ ಹುಡುಗರ ಮಟ್ಟಿಗೆ ಅದು ಬಹುಕಾಲ ಎರಡು ಗೆದ್ದ ಹಾಡಿನ ಜೊತೆ ಹತ್ತು ಭರ್ತಿ ಹಾಡು ತುಂಬುವ ಚೀಲವಾಗಿತ್ತು. ಬೀಟಲ್ಸ್‌ನ ಮೊದಲ ಆಲ್ಬಮ್ಮಿನ ಹದಿನಾಲ್ಕು ಹಾಡುಗಳಲ್ಲಿ ಹತ್ತನ್ನು 1963ರ ಫೆಬ್ರವರಿ 11ರಂದು, ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ಅದೇ ನಾಲ್ವರು 1966ರಲ್ಲಿ ಊರೂರು ಕಛೇರಿ ನಿಲ್ಲಿಸಿ ಸ್ಟುಡಿಯೋ ಸೇರಿಕೊಂಡು, 'ಸಾರ್ಜೆಂಟ್ ಪೆಪ್ಪರ್' ಮುಗಿಸಲು ತಿಂಗಳುಗಟ್ಟಲೆ ತೆಗೆದುಕೊಂಡರು. ಈ ನಡುವಿನ ನಾಲ್ಕು ವರ್ಷಗಳಲ್ಲೇ ಆಲ್ಬಮ್ ಎನ್ನುವುದು ಹುಟ್ಟಿದ್ದು ಎಂದು ಶಿವಮೊಗ್ಗದವನ ವಾದ. ಅದನ್ನು ಮುರಿಯಲು ನನಗೆ ಇವತ್ತಿಗೂ ಆಗಿಲ್ಲ.

ಆದರೆ ನಾವು ಕೇಳುತ್ತಿದ್ದದ್ದು ಎಲ್‌ಪಿ ಅಲ್ಲವಲ್ಲ! ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟರೆ ರೆಕಾರ್ಡಿಂಗ್ ಅಂಗಡಿಯವರು ತಮ್ಮ ಎಲ್‌ಪಿ ಹಾಕಿ ತುಂಬಿಸಿಕೊಡುತ್ತಿದ್ದರು. ಮಗ್ಗುಲಿಗೆ ನಲವತ್ತೈದು ನಿಮಿಷ. ನಮ್ಮ ಸಂಗೀತ ವಿಮರ್ಶೆಯನ್ನೆಲ್ಲ ನಡೆಸಿದ್ದು ಈ ನಲವತ್ತೈದು ನಿಮಿಷವೇ ಎಂದು ಈಗ ಅನ್ನಿಸುತ್ತದೆ. ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದಿ ಮೂನ್' ಸುಮಾರು ನಲವತ್ಮೂರು ನಿಮಿಷ. ಅಳತೆ ಕೊಟ್ಟು ಹೊಲಿಸಿದಂತೆ ಒಂದು ಮಗ್ಗುಲಿಗೆ ಕೂರುತ್ತಿತ್ತು. ಎಲ್‌ಪಿಯಲ್ಲಿ ಸಾವಿನ ಹಾಡಿನಲ್ಲಿ ಗಾಯಕಿ ಕ್ಲೇರ್ ಟೋರಿಯ ಆ ಮಾತಿಲ್ಲದ ಆಲಾಪ ಮುಗಿದ ಮೇಲೆ ಎದ್ದು ಹೋಗಿ ತಟ್ಟೆ ತಿರುವಬೇಕು. ನಮ್ಮ ಕ್ಯಾಸೆಟ್ಟಿನಲ್ಲಿ ಅವಳ ದನಿ ಆರುತ್ತಿದ್ದಂತೆಯೇ 'ಮನಿ' ಹಾಡಿನ ಚಿಲ್ಲರೆ ಕಾಸು ಝಣ್ಣೆನ್ನುತ್ತಿತ್ತು. ಸಾವಿನ ಹಿಂದೆಯೇ ದುಡ್ಡು! ನನಗೆ ಇವತ್ತಿಗೂ ಅದೇ ಸರಿಯಾದ ಜೋಡಣೆ.

ಆ ಕಾಸಿನ ಸದ್ದೇ ಮೃದಂಗದವನನ್ನೂ ಎಳೆದದ್ದು. ಒಂದು ಸಂಜೆ ಮಗುಚಿಟ್ಟ ಬಕೆಟ್ಟಿನ ಮೇಲೆ ಬೆರಳಾಡಿಸುತ್ತಾ "ಲೋ, ಇದು ಏಳಕ್ಷರ ಕಣ್ರೋ, ತಕಿಟ ತಕಧಿಮಿ" ಎಂದ. ಹೌದು, ಎಣಿಸಿದರೆ ಏಳೇ. ಮಿಶ್ರಛಾಪು ಹಾಕಿಕೊಂಡು ಕೂರಬಹುದು. ಫ್ಲಾಯ್ಡ್‌ನ ರೋಜರ್ ವಾಟರ್ಸ್ ಮನೆಯಲ್ಲಿ ಹೆಂಡತಿ ಜೇಡಿಮಣ್ಣು ಕಲಸುವ ಬೋಗುಣಿಗೆ ಕಾಸು ಎಸೆದು ಸದ್ದು ಹಿಡಿದಿದ್ದನಂತೆ. ಆಮೇಲೆ ಟೇಪಿನ ತುಂಡುಗಳನ್ನು ಸ್ಕೇಲಿನಿಂದ ಅಳೆದು, ಕತ್ತರಿಸಿ, ಅಂಟಿಸಿ, ಸುತ್ತು ಹಾಕಿದ್ದು. ಗಿಟಾರು ನುಗ್ಗುವಾಗ ತಾಳ ನಾಲ್ಕಕ್ಕೆ ಇಳಿಯುತ್ತದೆ. ಅಲ್ಲಿ ನಮ್ಮ ವಿದ್ವಾನ್ "ಛೆ, ಬಿಟ್ಬಿಟ್ರು" ಎಂದು ಕೈ ನಿಲ್ಲಿಸಿದ. ನಾನಂತೂ ಅಷ್ಟನ್ನೇ ನನ್ನ ಪಕ್ಷದ ಓಟು ಎಂದು ಬರೆದುಕೊಂಡೆ.

ಹಾಸನದವನ ಕಷ್ಟವೇ ಬೇರೆ. ಅವನ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' ಎರಡು ಎಲ್‌ಪಿ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹಿಡಿಯದು, ಎರಡಕ್ಕೆ ಸಾಲದು. ಇಂಗ್ಲೆಂಡಿನ ತೆರಿಗೆಗೆ ಹೆದರಿ ಫ್ರಾನ್ಸಿಗೆ ಓಡಿದವರು, ಬಾಡಿಗೆ ಬಂಗಲೆಯ ನೆಲಮಾಳಿಗೆಯಲ್ಲಿ ಬೆವರುತ್ತಾ ಅದರ ಬಹುಪಾಲು ನುಡಿಸಿದ್ದು. ಕೇಳಿದರೆ ಆ ಸೆಕೆ ತಿಳಿಯುತ್ತದೆ. 1968ರಿಂದ 72ರವರೆಗೆ ಸಾಲಾಗಿ ನಾಲ್ಕು ಆಲ್ಬಮ್, ಒಂದೂ ಸೋತಿಲ್ಲ ಎಂದು ಅವನು ಬೆರಳು ಮಡಿಚುತ್ತಿದ್ದ. 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಅರಮನೆ ಮೈದಾನಕ್ಕೇ ಬಂದರು. ಆಗ ಮಿಕ್ ಜ್ಯಾಗರ್‌ಗೆ 59. "ನಿನ್ನ ಫ್ಲಾಯ್ಡ್ ಬಂದ್ರಾ? ನಿಮ್ಮ ಬೀಟಲ್ಸ್ ಬಂದ್ರಾ?" ಎಂದು ಹಾಸನದವನು ಫೋನಿನಲ್ಲಿ ಕೇಳಿದ ಪ್ರಶ್ನೆಗೂ ಆಲ್ಬಮ್ಮಿಗೂ ಸಂಬಂಧವಿಲ್ಲ. ಉತ್ತರ ಮಾತ್ರ ಇರಲಿಲ್ಲ.

ಲೆಡ್ ಜೆಪ್ಲಿನ್‌ಗೆ ನಮ್ಮಲ್ಲಿ ವಕೀಲರಿರಲಿಲ್ಲ. 1971ರ ಅವರ ನಾಲ್ಕನೆಯ ಆಲ್ಬಮ್ಮಿನ ಹೊದಿಕೆಯ ಮೇಲೆ ಹೆಸರೇ ಇಲ್ಲ, ಬೆನ್ನ ಮೇಲೆ ಕಡ್ಡಿಯ ಹೊರೆ ಹೊತ್ತ ಮುದುಕನೊಬ್ಬನಿದ್ದಾನೆ. ಅಂಗಡಿಯಲ್ಲಿ "ಆ ಸೌದೆ ಅಜ್ಜಂದು ತುಂಬ್ಸಿ ಸಾರ್" ಎಂದರೆ ಸಾಕಾಗುತ್ತಿತ್ತು.

ನನ್ನ ತೀರ್ಪು ಕೇಳಿದರೆ 'ಡಾರ್ಕ್ ಸೈಡ್' ಕೂಡ ಅಲ್ಲ, 1975ರ 'ವಿಶ್ ಯು ವರ್ ಹಿಯರ್'. ತಂಡ ಕಟ್ಟಿದವರಲ್ಲೊಬ್ಬನಾದ ಸಿಡ್ ಬ್ಯಾರೆಟ್ ಬುದ್ಧಿ ಕದಡಿ 1968ರಲ್ಲಿ ಹೊರಬಿದ್ದಿದ್ದ. ಅವನನ್ನೇ ನೆನೆದು ಮಾಡಿದ ಹಾಡಿನ ಕೆಲಸ ನಡೆದಿರುವಾಗ ಸ್ಟುಡಿಯೋಗೆ ಯಾರೋ ದಪ್ಪನೆಯ ಮನುಷ್ಯ ಬಂದು ಕೂತ. ತಲೆ ಬೋಳು, ಹುಬ್ಬೂ ಬೋಳು. ಅವನೇ ಸಿಡ್ ಎಂದು ಹಳೆಯ ಗೆಳೆಯರಿಗೆ ಗುರುತು ಹತ್ತಲು ಹೊತ್ತು ಹಿಡಿಯಿತು. 'ಡಾರ್ಕ್ ಸೈಡ್'ನಲ್ಲಿ ಸಾವು, ದುಡ್ಡು, ಕಾಲ, ಹುಚ್ಚು ಎಲ್ಲ ಇವೆ, ಆದರೆ ವಿಷಯಗಳಾಗಿ. ಇಲ್ಲಿರುವುದು ಒಬ್ಬನೇ ಮನುಷ್ಯ, ಅವನೂ ಇಲ್ಲ. ಬೀಟಲ್ಸ್‌ನವರು ಇದಕ್ಕಿಂತ ಜಾಣ ಆಲ್ಬಮ್ ಮಾಡಿದ್ದಾರೆ, ಇಷ್ಟು ನೋವಿನದನ್ನು ಮಾಡಿಲ್ಲ.

ಶಿವಮೊಗ್ಗದವನು ಒಪ್ಪಲಿಲ್ಲ. ಅವನ ಪಟ್ಟದ ಆನೆ 1968ರ 'ವೈಟ್ ಆಲ್ಬಮ್'. ರಿಷಿಕೇಶದ ಆಶ್ರಮದಲ್ಲಿ ಹುಟ್ಟಿದ ಹಾಡುಗಳು ಅದರಲ್ಲಿ ಬೇಕಾದಷ್ಟಿವೆ. ಅದರ ಒಟ್ಟು ಉದ್ದ ತೊಂಬತ್ಮೂರು ನಿಮಿಷಕ್ಕೂ ಮೇಲೆ! ಹೀಗಾಗಿ ಅವನ ಕ್ಯಾಸೆಟ್ಟಿನ ಎ ಸೈಡಿನಲ್ಲಿ 'ಜೂಲಿಯಾ' ನಡುವೆಯೇ ತುಂಡಾಗುತ್ತಿತ್ತು. ಬಿ ಸೈಡಿನ ಕೊನೆಯಲ್ಲಿ ರಿಂಗೋ 'ಗುಡ್ ನೈಟ್' ಲಾಲಿ ಎತ್ತಿಕೊಂಡ ನಿಮಿಷಕ್ಕೇ ಟೇಪು ಟಪ್ಪೆಂದು ನಿಲ್ಲುತ್ತಿತ್ತು. ಬೀಟಲ್ಸ್ ಎಂಥ ಧೈರ್ಯಸ್ಥರು, ಜೋಗುಳವನ್ನು ಅರ್ಧಕ್ಕೇ ಕತ್ತರಿಸಿದ್ದಾರೆ ಎಂದು ಅವನು ನಮಗೆ ಪಾಠ ಮಾಡುತ್ತಿದ್ದ. ವರ್ಷಗಳ ಮೇಲೆ ಸಿ.ಡಿ. ಕೊಂಡು, ಪಿಟೀಲು, ಮೇಳಗಾನ ಎಲ್ಲ ಸೇರಿ ಸಕ್ಕರೆ ಸುರಿದಂತಿದ್ದ ಆ ಲಾಲಿಯನ್ನು ಪೂರ್ತಿ ಕೇಳಿದ. "ಅಂಗಡಿಯವನೇ ಸರಿಯಾಗಿ ಮುಗಿಸಿದ್ದ ಕಣೋ" ಎಂದ. ಈಗ ಅವನು 'ಆಬಿ ರೋಡ್' ಪಕ್ಷ.