ಹಸಿಗಾರೆಯ ಚಿತ್ರಗಳು

ಮಧುಗಿರಿಯಿಂದ ಹಿಂದೂಪುರದ ಮಾರ್ಗವಾಗಿ ಲೇಪಾಕ್ಷಿಗೆ ಹೋಗಿಬರುವುದು ನಮ್ಮ ಸೀಮೆಯವರಿಗೆ ಒಂದು ದಿನದ ಪ್ರಯಾಣ. ಪಾವಗಡ, ಶಿರಾ, ಕೊರಟಗೆರೆಗಳ ಕಡೆಯ ಎಷ್ಟೋ ಮಂದಿ ವೀರಭದ್ರಾಲಯದ ಮಂಟಪದಲ್ಲಿ 16ನೆಯ ಶತಮಾನದ ವರ್ಣಚಿತ್ರಗಳನ್ನು ಕಂಡು ಹರ್ಷಿಸಿರುವರು. ಬಣ್ಣವುದುರಿ ಬರಿದಾದ ಎಡೆಗಳನ್ನು ಕಂಡು ಮರುಗಿಯೂ ಇರುವರು. ಆ ಮರುಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಳೆದ ವರ್ಷ ನಾವು ದಂಪತಿಗಳು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರವನ್ನು ಹೊಕ್ಕೆವು. ಕ್ರೈಸ್ತರ ದೇಗುಲದೊಳಗೆ ನಾನು ಕಾಲಿಟ್ಟುದು ಅದೇ ಮೊದಲು, ಸಂಕೋಚವಿದ್ದಿತೆಂದು ಒಪ್ಪಿಕೊಳ್ಳುವೆನು.

ಇಟಲಿ ದೇಶದ ಆಂತೋನಿಯೋ ಮೊಸ್ಕೇನಿ ಎಂಬ ಯೇಸುಸಭೆಯ ಸೋದರನು 1899ರಲ್ಲಿ ತೊಡಗಿ ಸುಮಾರು ಎರಡು ವರ್ಷ ದುಡಿದು ಈ ಮಂದಿರವನ್ನು ಚಿತ್ರಿಸಿದನು. ಛಾವಣಿಯಲ್ಲಿ ಬಟ್ಟೆಯ ಮೇಲೆ ಎಣ್ಣೆಬಣ್ಣದಿಂದ ಬರೆದ ಅಲೋಶಿಯಸನ ಚರಿತ್ರೆಯಿದೆ. ಈತನು ಸಿರಿಮನೆಯ ಹಿರಿಯ ಮಗ; ಅಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡುತ್ತ 1591ರಲ್ಲಿ, 23ನೆಯ ವಯಸ್ಸಿನಲ್ಲಿ ಮಡಿದನು. ಬಾಹುಬಲಿಯ ನಾಡಿನವರಿಗೆ ಇಂತಹ ತ್ಯಾಗವು ಹೊಸದಾಗಿ ತೋರದು. ನನ್ನ ಸಂಕೋಚವು ಅಲ್ಲಿಗೇ ಕಳೆಯಿತು.

ಗೋಡೆಯವು ಹಸಿಗಾರೆಯ ಚಿತ್ರಗಳು. ಮನೆಯವಳು ಬಹಳ ಹೊತ್ತು ನೋಡಿ, “ಲೇಪಾಕ್ಷಿಯದು ಉದುರಿತಲ್ಲ, ಇದು ಹೇಗೆ ನಿಂತಿದೆ ಅಂದ್ರೆ?” ಎಂದಳು.

ಸುಣ್ಣದ ಗಾರೆಯು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳೂ ಅದರಲ್ಲಿ ಸೆರೆಯಾಗುವುವು, ಅಂಟು ಬೇಕಿಲ್ಲ. ಆದುದರಿಂದ ಒಂದು ದಿನದಲ್ಲಿ ಬರೆದು ಮುಗಿಸುವಷ್ಟೇ ಗಾರೆಯನ್ನು ಬಳಿಯಬೇಕು. ಕೈತಪ್ಪಿದರೆ ಕೆತ್ತಿ ತೆಗೆಯುವುದೇ ಗತಿ. ಸುಣ್ಣದ ಕ್ಷಾರವನ್ನು ತಾಳುವ ಬಣ್ಣಗಳಾದರೋ ಕೆಲವೇ: ಕಾವಿ, ಹಳದಿಮಣ್ಣು, ಹಸುರುಮಣ್ಣು ಮೊದಲಾದುವು. ನೀಲಿಯದೇ ದೊಡ್ಡ ತೊಡಕು. 1305ರ ಸುಮಾರಿನಲ್ಲಿ ಪಾದುವಾ ನಗರದಲ್ಲಿ ಜೊತ್ತೋ ಎಂಬ ಚಿತ್ರಕಾರನು ಮೇರಿಮಾತೆಯ ಹೊದಿಕೆಗೆ ತಾಮ್ರದ ಅದುರಿನ ನೀಲಿಯನ್ನು ಒಣಗಾರೆಯ ಮೇಲೆ ಹಚ್ಚಿದನು. ಅದು ಬಹುಮಟ್ಟಿಗೆ ಉದುರಿತು. ನಿಧಾನವಾಗಿ ತಿದ್ದುವ ಆಸೆಯಿಂದ ಒಣಗೋಡೆಯ ಮೇಲೆ ಯೇಸುವಿನ ಕಡೆಯ ಭೋಜನವನ್ನು ಬರೆದ ಲಿಯೊನಾರ್ಡೋನ ಚಿತ್ರವು ಅವನ ಜೀವಿತಕಾಲದಲ್ಲಿಯೇ ಕೆಡತೊಡಗಿತು.

ನಮ್ಮ ಚಿತ್ರಸೂತ್ರದಲ್ಲಿಯೂ ಗಾರೆಗೆ ಇಟ್ಟಿಗೆಯ ಪುಡಿ, ಗುಗ್ಗುಲು, ಬೆಲ್ಲಗಳನ್ನು ವಿಧಿಸಿದೆ. ಅದನ್ನು ಓದಿದ್ದೆನೇ ಹೊರತು ಗೋಡೆಯೊಡನೆ ಹೋಲಿಸಿ ನೋಡಿದವನಲ್ಲ. ಪಂಡಿತರ ಪಾಡೇ ಹೀಗೆ! ಮಂಗಳೂರಿನ ಚಿತ್ರಗಳೂ ಕರಾವಳಿಯ ತೇವಕ್ಕೆ ಹೊರತಲ್ಲ. 1990ರ ದಶಕದಲ್ಲಿ ಅವನ್ನು ದುರಸ್ತಿಗೊಳಿಸಬೇಕಾಯಿತು.

ಊರಿಗೆ ಬಂದ ಮೇಲೆ ಮತ್ತೆ ಲೇಪಾಕ್ಷಿಗೆ ಹೋದೆವು. ಕಿರಾತಾರ್ಜುನರ ಹಂದಿಯ ಚಿತ್ರದ ಕೆಳಗೆ ಕತ್ತೆತ್ತಿ ನಿಂತ ಮನೆಯವಳು, ಇನ್ನಷ್ಟು ಉದುರುವ ಮುನ್ನ ಮೊಮ್ಮಗನನ್ನು ಇಲ್ಲಿಗೆ ಕರೆತರಬೇಕೆಂದಳು. ಬರುವ ಬೇಸಗೆಯ ರಜೆಗೆಂದು ಮಗನಿಗೆ ಕಾಗದ ಬರೆದಿದ್ದೇನೆ.