ಚೌಟರ ಅರಮನೆ: ಮನೆಯೂ ಹೊಣೆಯೂ

ಮೂಡುಬಿದಿರೆಗೆ ಬರುವ ಯಾತ್ರಿಕರು 1430ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿಯ ದರ್ಶನ ಪಡೆದು, ಬಿಡುವಿದ್ದರೆ ಮಾತ್ರ ಚೌಟರ ಅರಮನೆಯತ್ತ ಹೊರಳುತ್ತಾರೆ. ಅಲ್ಲಿಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಹೆಣೆದುಕೊಂಡು ಆನೆಯಾದ ನವನಾರೀಕುಂಜರವಿದೆ. ಐವರು ಸೇರಿ ಕುದುರೆಯಾದ ಪಂಚನಾರೀತುರಗವಿದೆ.

ಚೌಟರು ಜೈನ ಅರಸರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಈ ವಂಶದವರೇ. ಅಳಿಯಸಂತಾನದ ಕಟ್ಟಿನಂತೆ ಮನೆತನ ತಾಯಿಯ ಕಡೆಯಿಂದ ಮುಂದುವರಿಯುತ್ತಿತ್ತು. ಯಜಮಾನನೆಂದರೆ ಆಸ್ತಿಯ ಒಡೆಯನಲ್ಲ, ಕುಟುಂಬದ ಪರವಾಗಿ ಅದನ್ನು ಕಾಯುವವನು; ಎಲ್ಲರೂ ಒಪ್ಪದೆ ಪಾಲಾಗುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1974ರ ಭೂಸುಧಾರಣೆಯಿಂದ ಕರಾವಳಿಯ ದೊಡ್ಡ ಮನೆತನಗಳಿಗೆ ಗೇಣಿಯ ವರಮಾನ ನಿಂತಿತು. ಉಳುವವನಿಗೆ ನೆಲ ದೊರೆತುದು ನ್ಯಾಯವೇ ಸರಿ. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಸರಿಪಡಿಸುವ ಖರ್ಚು ನಿಲ್ಲಲಿಲ್ಲ. ಗೆದ್ದಲು ಕಾನೂನು ನೋಡಿ ಬರುವುದಿಲ್ಲ.

ಅರಮನೆಯ ಒಂದು ಭಾಗದಲ್ಲಿ ವಂಶಸ್ಥರು ಇಂದಿಗೂ ವಾಸವಾಗಿದ್ದಾರೆ. ಕಂಬಗಳನ್ನು ನೋಡಬಂದವರು ಇದು ವಸ್ತುಸಂಗ್ರಹಾಲಯವಲ್ಲ, ಒಲೆ ಉರಿಯುವ ಮನೆ ಎಂಬುದನ್ನು ಮರೆಯುವುದುಂಟು. ಬಾಗಿಲಲ್ಲಿ ನಿಂತು ಕೇಳಿ ಒಳಗೆ ಬರುವುದು ಅತಿಥಿಯ ಧರ್ಮ. ಬಸದಿಯ ಜೀರ್ಣೋದ್ಧಾರಕ್ಕೆ ಸಮಾಜ ಉದಾರವಾಗಿ ಕಾಣಿಕೆ ನೀಡುತ್ತದೆ, ಅದು ಪುಣ್ಯಕಾರ್ಯ. ಇಂತಹ ಮನೆಯ ಮಾಡು ಸೋರಿದಾಗ ಮಾತ್ರ ಅದು ಮನೆಯವರ ಸ್ವಂತ ವಿಷಯವೆನಿಸುತ್ತದೆ. ಕಂಬಗಳು ನಮ್ಮ ಪರಂಪರೆಯೆಂದು ಸ್ಮರಣಸಂಚಿಕೆಗಳಲ್ಲಿ ಚಿತ್ರ ಅಚ್ಚಿಸುವವರು ಆ ಮಾಡಿನ ಲೆಕ್ಕವನ್ನು ಒಮ್ಮೆ ಕೇಳಬಾರದೇ?